ಫೀನಿಕ್ಸ್ ಕ್ಷಿಪಣಿಯ ಜಾಡು ಹಿಡಿದು, ಅಪ್ಪನ ಜೊತೆ ಪಾಯಿಂಟ್ ಮುಗುವಿಂದ ಟೂಸಾನ್‌ವರೆಗೆ

ಮೊದಲನೇ ದಿನ: ಪಾಯಿಂಟ್ ಮುಗು

ಅಪ್ಪ ಎಚ್‌ಎಎಲ್‌ನ ಜಾಗ್ವಾರ್ ಲೈನಲ್ಲಿ ವೈರಿಂಗ್ ಕೆಲಸ ಮಾಡಿ ರಿಟೈರ್ ಆದವರು. 2025ರ ಮೇನಲ್ಲಿ ಪಂಜಾಬಿನ ಹೊಶಿಯಾರ್‌ಪುರದ ಹೊಲದಲ್ಲಿ ಚೀನಾದ ಪಿಎಲ್-15 ಕ್ಷಿಪಣಿಯ ತುಂಡುಗಳು ಸಿಕ್ಕಿದ ಮೇಲಂತೂ ಅವರ ಹಳೇ ಸ್ನೇಹಿತರ ವಾಟ್ಸಾಪ್ ಗ್ರೂಪ್ ತುಂಬಾ ಯಾರ ಕ್ಷಿಪಣಿ ಎಷ್ಟು ದೂರ ಹೊಡೆಯತ್ತೆ ಅನ್ನೋ ಕಿಲೋಮೀಟರೇ. ಅವರದ್ದು 145, ಅಲ್ಲ ಅಲ್ಲ 200, ನಮ್ಮ ರಫೇಲ್‌ನ ಮೀಟಿಯರ್ ಕ್ಷಿಪಣಿ ಅದಕ್ಕಿಂತ ಜಾಸ್ತಿ, ನಮ್ಮಲ್ಲೇ ಮಾಡಿದ ಅಸ್ತ್ರ ಕ್ಷಿಪಣಿ ಬರ್ಲಿ ನೋಡೋಣ, ಹೀಗೆ ಬೆಳಗ್ಗೆಯಿಂದ ರಾತ್ರಿವರೆಗೂ. ಅಪ್ಪ ಮಾತ್ರ ಎಲ್ಲದಕ್ಕೂ ಒಂದೇ ಪ್ರಶ್ನೆ ಹಾಕ್ತಿದ್ರು, "ಆ ಕಿಲೋಮೀಟರ್‌ನ ಎಲ್ಲಿಂದ ಎಲ್ಲಿಗೆ ಅಳೆದ್ರಪ್ಪಾ?" ಅದಕ್ಕೆ ಯಾರೂ ಉತ್ತರ ಕೊಡ್ತಿರ್ಲಿಲ್ಲ.

ಅಪ್ಪ ಅಮ್ಮ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿರೋ ನಮ್ಮನೆಗೆ ಬಂದಾಗ್ಲೂ ಅದೇ ಪ್ರಶ್ನೆ ತಲೇಲಿ ಇತ್ತು. ಆಗ ನಾನಂದೆ, ಅಪ್ಪಾ, ಯುದ್ಧವಿಮಾನದಿಂದ ನೂರು ಮೈಲಿಯಾಚೆ ಹೊಡೆಯೋ ಕ್ಷಿಪಣಿ ಅಂತ ಮೊಟ್ಟಮೊದಲು ಹೆಸರು ಮಾಡಿದ್ದು ಫೀನಿಕ್ಸ್, ಅದನ್ನ ಕಟ್ಟಿದ್ದು ಅರಿಜೋನಾದ ಟೂಸಾನ್‌ನಲ್ಲಿ, ಹಾರಿಸಿ ನೋಡಿದ್ದು ಇಲ್ಲೇ ಪಾಯಿಂಟ್ ಮುಗು ಸಮುದ್ರದ ಮೇಲೆ, ಹೊತ್ಕೊಂಡು ಹಾರ್ತಿದ್ದ ನೌಕಾಪಡೆಯ ಟಾಮ್‌ಕ್ಯಾಟ್ ವಿಮಾನಗಳ ಮನೆ ಸ್ಯಾನ್ ಡಿಯೇಗೋ, ಮೂರೂ ಒಂದೇ ಸುತ್ತಲ್ಲಿ ಮುಗಿಸ್ಬೋದು ಅಂತ. ಅಮ್ಮ ಬಿಸಿಲಿಗೆ ನಾನು ಬರಲ್ಲ ಅಂದ್ರು, ಆದ್ರೆ ದೀಪಾವಳಿಗೆ ಮಾಡಿದ್ದ ಚಕ್ಲಿ, ನಿಪ್ಪಟ್ಟು, ಕೊಬ್ಬರಿ ಮಿಠಾಯಿ ಡಬ್ಬಿಗೆ ತುಂಬಿ, ಪುಳಿಯೋಗರೆ ಗೊಜ್ಜು ಬೇರೆ ಬಾಟ್ಲಿಗೆ ಹಾಕಿ ಕೊಟ್ರು.

ಲಾಸ್ ಏಂಜಲೀಸ್ ಟ್ರಾಫಿಕ್ ಬಗ್ಗೆ ಹೇಳೋದೇನಿದೆ, ಬೆಳಗಿನ ಜಾವ ಹೊರಟ್ರೆ ಬಚಾವ್. ಕಮರಿಯೋ ಹತ್ರ 101 ಬಿಟ್ಟು ಲಾಸ್ ಪೋಸಾಸ್ ರೋಡಿಗೆ ಇಳಿದ ತಕ್ಷಣ ಎರಡೂ ಕಡೆ ಕಪ್ಪು ಮಣ್ಣಿನ ಹೊಲಗಳು, ಸ್ಟ್ರಾಬೆರಿಗೆ ಪ್ಲಾಸ್ಟಿಕ್ ಹೊದಿಸಿದ ಸಾಲುಗಳು, ಮೇಲೆ ಸಮುದ್ರದ ಮಂಜು, ಹತ್ತು ಗಂಟೆ ಆದ್ರೂ ಬಿಸಿಲಿಲ್ಲ. ಮಂಜಿನೊಳಗಿಂದ ಪ್ರೊಪೆಲ್ಲರ್ ಗುಯ್ ಅನ್ನೋ ಶಬ್ದ, ನೌಕಾಪಡೆಯ ಇ-2 ಹಾಕ್‌ಐ, ಬೆನ್ನ ಮೇಲೆ ದೊಡ್ಡ ದುಂಡು ರಾಡಾರ್ ಇರತ್ತಲ್ಲ ಅದು, ಇಲ್ಲೇ ಅದರ ನೆಲೆ.

ಮಿಸೈಲ್ ಪಾರ್ಕ್ ಇರೋದು ನೌಕಾನೆಲೆಯ ಗೇಟಿನ ಹೊರಗೆ, ಹಾಗಾಗಿ ಐಡಿ ಕಾರ್ಡು ಟಿಕೆಟ್ಟು ಏನೂ ಬೇಡ, ಕಾರು ನಿಲ್ಸಿ ಇಳಿದ್ರೆ ಆಯ್ತು. ಕ್ಯಾಮೆರಾನ ಮಾತ್ರ ಗೇಟಿನ ಕಡೆ ತಿರುಗಿಸ್ಬೇಡಿ. ಒಂದು ಎಫ್-14 ಟಾಮ್‌ಕ್ಯಾಟ್, ಒಂದು ಎಫ್-4 ಫ್ಯಾಂಟಮ್, ಸುತ್ತ ಕಂಬಗಳ ಮೇಲೆ ಥರಾವರಿ ಕ್ಷಿಪಣಿಗಳು. ಅಪ್ಪ ಬೇರೆ ಯಾವುದರ ಹತ್ರಾನೂ ನಿಲ್ಲದೆ ಸೀದಾ ಫೀನಿಕ್ಸ್ ಹತ್ರ ಹೋದ್ರು. ಉದ್ದ ಸುಮಾರು 4 ಮೀಟರ್, ದಪ್ಪ 38 ಸೆಂಟಿಮೀಟರ್, ತೂಕ 450 ಕಿಲೋ ಮೇಲೆ. ನಮ್ಮ ಅಸ್ತ್ರ 154 ಕಿಲೋ ಅಂದ್ರೆ ಇದರ ಮೂರನೇ ಒಂದು ಭಾಗ. ಮೈಗೆ ಅಂಟಿದ ಹಾಗೆ ಹಿಂದಿನವರೆಗೂ ಓಡೋ ನಾಲ್ಕು ರೆಕ್ಕೆ, ಬಾಲದಲ್ಲಿ ತಿರುಗೋ ನಾಲ್ಕು ಚಿಕ್ಕ ಹಲಗೆ. ಉಪ್ಪುಗಾಳಿಗೆ ಬಣ್ಣ ಅಲ್ಲಲ್ಲಿ ಎದ್ದಿತ್ತು. ಅಪ್ಪ ಕನ್ನಡಕ ಹಣೆ ಮೇಲೆ ಏರಿಸಿ ಕುತ್ತಿಗೆ ಸೊಟ್ಟ ಮಾಡಿ ಬೆನ್ನಿನ ಕಡೆ ನೋಡ್ತಾ, "ನೋಡಮ್ಮ, ವಿಮಾನದಿಂದ ಬರೋ ವೈರು ಇಲ್ಲೇ ಮೇಲ್ಗಡೆಯೇ ಎಲ್ಲೋ ಕೂರ್ಬೇಕು, ಬಿಡುಗಡೆ ಆಗೋವರೆಗೂ ಕರೆಂಟು, ಲೆಕ್ಕ ಎಲ್ಲಾ ಅದರಿಂದಾನೇ ಒಳಗೆ ಹೋಗೋದು, ಅದು ಕಿತ್ಕೊಂಡ ಮೇಲೆ ಇದು ಒಂಟಿ" ಅಂದ್ರು. ಮೊದಲಿನ ಮಾದರಿಗೆ ತಣ್ಣಗಿಡೋ ದ್ರವವನ್ನೂ ವಿಮಾನವೇ ಕೊಡ್ಬೇಕಿತ್ತು, 80ರ ದಶಕದಲ್ಲಿ ಬಂದ ಸಿ ಮಾದರಿಯಲ್ಲಿ ಆ ತಾಪತ್ರಯ ತಪ್ಪಿಸಿದ್ರು ಅಂತ ನಾನು ಓದಿದ್ದು ಹೇಳಿದೆ, ಅದನ್ನ ಕೇಳಿ ಅವರಿಗೆ ಆದ ಖುಷಿ ನೋಡ್ಬೇಕಿತ್ತು, ಎಷ್ಟು ಮೇಂಟೆನೆನ್ಸ್ ಉಳೀತು ಗೊತ್ತಾ ಅಂತ ಅದನ್ನೇ ಮೂರು ಸಲ ಹೇಳಿದ್ರು.

ನಾಯಿ ಕರ್ಕೊಂಡು ಬಂದಿದ್ದ ಒಬ್ಬ ಅಜ್ಜ ನಮ್ಮಿಬ್ಬರ ಉತ್ಸಾಹ ನೋಡಿ ತಾವೇ ಮಾತಿಗೆ ಬಂದ್ರು, ಚಿಕ್ಕ ವಯಸ್ಸಲ್ಲಿ ಇದೇ ನೆಲೆಯಲ್ಲಿ ಟೆಲಿಮೆಟ್ರಿ, ಅಂದ್ರೆ ಹಾರ್ತಿರೋ ಕ್ಷಿಪಣಿಯಿಂದ ಬರೋ ಮಾಹಿತಿ ಹಿಡಿಯೋ ಕೆಲಸ ಮಾಡ್ತಿದ್ರಂತೆ. 1973ರ ನವೆಂಬರ್ 21ರ ಕಥೆ ಅವರ ಬಾಯಲ್ಲೇ ಕೇಳಿದ್ವಿ. ಅವತ್ತು ಒಂದೇ ಟಾಮ್‌ಕ್ಯಾಟ್ ಈ ಸಮುದ್ರದ ಮೇಲೆ 38 ಸೆಕೆಂಡಲ್ಲಿ ಆರು ಫೀನಿಕ್ಸ್ ಬಿಡ್ತು, ಎದುರಿಂದ ಬರ್ತಿದ್ದದ್ದು ಪೈಲಟ್ ಇಲ್ಲದ ಆರು ಗುರಿ ವಿಮಾನ, ಒಂದೊಂದಕ್ಕೆ ಒಂದೊಂದು. ನಾಲ್ಕು ತಾಗಿದ್ವು, ಒಂದು ಕ್ಷಿಪಣಿ ಕೆಟ್ಟಿತು, ಇನ್ನೊಂದು ಗುರಿ ವಿಮಾನವೇ ಸರಿಯಾಗಿ ಹಾರದ್ದರಿಂದ ಲೆಕ್ಕಕ್ಕೆ ತಗೊಳ್ಲಿಲ್ಲ. "ಜನ ಆರು ಬಿಟ್ಟದ್ದನ್ನ ನೆನಪಿಟ್ಕೊಂಡಿದಾರೆ, ನಾವು ಆ ಎರಡರ ಹಿಂದೆ ಎಷ್ಟೋ ದಿನ ಕೂತಿದ್ವಿ" ಅಂದ್ರು ಅಜ್ಜ. ಅಪ್ಪ ಅವರ ಕೈ ಹಿಡಿದು ಕುಲುಕಿದ್ರು, ಚಕ್ಲಿ ಕೊಟ್ವಿ, ಖಾರ ಇದೆಯಾ ಅಂತ ಕೇಳಿ ಎರಡು ತಿಂದ್ರು.

ವಾಪಸ್ಸು ಮುಗು ರಾಕ್ ದಾಟ್ಕೊಂಡು ಸಮುದ್ರದ ಪಕ್ಕದ ರೋಡಲ್ಲೇ ಬಂದ್ವಿ. ಮಾಲಿಬು ದಾಟಿ ಪ್ಯಾಲಿಸೇಡ್ಸ್ ಕಡೆ 2025ರ ಜನವರಿಯ ಕಾಡ್ಗಿಚ್ಚಲ್ಲಿ ಸುಟ್ಟುಹೋದ ಮನೆಗಳ ಜಾಗದಲ್ಲಿ ಬರೀ ಚಿಮಣಿ, ಮೆಟ್ಲು ನಿಂತಿತ್ತು, ಅಲ್ಲಿ ಇಬ್ಬರೂ ಮಾತಾಡ್ಲಿಲ್ಲ.

ಎರಡನೇ ದಿನ: ಸ್ಯಾನ್ ಡಿಯೇಗೋ

ಮಿಡ್‌ವೇ ಮ್ಯೂಸಿಯಂ ಅಂದ್ರೆ ನಿಜವಾದ ವಿಮಾನವಾಹಕ ಹಡಗು, 1945ರಲ್ಲಿ ಸೇವೆಗೆ ಬಂದದ್ದು, 2004ರಿಂದ ಮ್ಯೂಸಿಯಂ. ಬಾಗಿಲು ತೆಗೆಯೋ ಹೊತ್ತಿಗೆ ಹೋಗಿ, ಮೊದಲು ಸೀದಾ ಮೇಲಿನ ಡೆಕ್‌ಗೆ ಹತ್ತಿ, ಕೆಳಗಿನದ್ದೆಲ್ಲ ಆಮೇಲೆ ನೋಡಿ, ಇಲ್ಲಾಂದ್ರೆ ಹನ್ನೊಂದರ ಮೇಲೆ ಡೆಕ್ ಮೇಲೆ ಕಾಲಿಡಕ್ಕೆ ಜಾಗ ಇರಲ್ಲ. ಗಾಳಿ ಎಷ್ಟು ಜೋರು ಅಂದ್ರೆ ಅಪ್ಪನ ತಲೆ ಮೇಲಿದ್ದ ಎಚ್‌ಎಎಲ್ ಕ್ಯಾಪ್ ಹಾರಿ ಸೀದಾ ನೀರಿಗೆ. ರಿಟೈರ್ ಆದ ದಿನ ಕೊಟ್ಟಿದ್ದ ಕ್ಯಾಪು ಅದು. ಪಾಪ, ಕಟಕಟೆ ಹಿಡ್ಕೊಂಡು ಅದು ತೇಲ್ತಾ ಹೋಗೋದನ್ನೇ ನೋಡ್ತಾ ನಿಂತ್ರು.

ಟಾಮ್‌ಕ್ಯಾಟ್ ಅಲ್ಲೇ ಡೆಕ್ ಮೇಲೆ ನಿಂತಿದೆ. ವಿವರಣೆ ಕೊಡಕ್ಕೆ ನಿಂತಿರೋರು ಹೆಚ್ಚಿನವರು ನೌಕಾಪಡೆಯಿಂದ ನಿವೃತ್ತರಾದವರು, ದಯವಿಟ್ಟು ಅವರ ಹತ್ರ ಮಾತಾಡಿ, ಬೋರ್ಡ್ ಓದಿದ್ರೆ ಅರ್ಧ ವಿಷಯ ಸಿಗಲ್ಲ. ನಮಗೆ ಸಿಕ್ಕವರು ಡೆಕ್ ಮೇಲೆ ಶಸ್ತ್ರ ಕಟ್ಟೋ ತಂಡದಲ್ಲಿದ್ದವರು. ಮೊದಲು ಹೇಳಿದ್ದೇ, ಈ ಹಡಗಿನ ದಳಗಳಲ್ಲಿ ಟಾಮ್‌ಕ್ಯಾಟ್ ಯಾವತ್ತೂ ಇರ್ಲಿಲ್ಲ, ಮಿಡ್‌ವೇ ಚಿಕ್ಕದು, ಅವೆಲ್ಲ ಎಂಟರ್‌ಪ್ರೈಸ್‌ನಂಥ ದೊಡ್ಡ ಹಡಗುಗಳ ಮೇಲೆ 1974ರಿಂದ ಹೋಗಿದ್ದು ಅಂತ. ಆಮೇಲೆ ಅಪ್ಪನ್ನ ಕರ್ಕೊಂಡು ಹೊಟ್ಟೆ ಕೆಳಗೆ ಬಗ್ಗಿಸಿ ತೋರ್ಸಿದ್ರು, ಎರಡು ಎಂಜಿನ್‌ಗಳ ಮಧ್ಯೆ ಅಗಲವಾದ ಓಣಿ ಇದೆ, ಅದರಲ್ಲಿ ನಾಲ್ಕು ಫೀನಿಕ್ಸ್ ಕಟ್ತಿದ್ರು, ರೆಕ್ಕೆ ಬುಡದಲ್ಲಿ ಒಂದೊಂದು, ಒಟ್ಟು ಆರು.

ಅಪ್ಪ ಕೇಳಿದ್ರು, ಆರೂ ಕಟ್ಕೊಂಡು ಹೋಗಿ ಒಂದೂ ಬಿಡದೆ ವಾಪಸ್ಸು ಬಂದ್ರೆ? ಅವರು ನಕ್ಕು, ಸರಿಯಾದ ಪ್ರಶ್ನೆ ಕೇಳಿದ್ರಿ ಅಂದ್ರು. ಆರು ಕ್ಷಿಪಣಿ, ಅದನ್ನ ಹಿಡಿಯೋ ಚೌಕಟ್ಟು ಎಲ್ಲಾ ಸೇರಿದ್ರೆ ಮೂರೂವರೆ ಟನ್ ದಾಟತ್ತೆ. ಹಡಗಿನ ಮೇಲೆ ಇಳಿಯೋ ವಿಮಾನ ಡೆಕ್‌ಗೆ ಅಡ್ಡ ಎಳೆದಿರೋ ತಂತಿಗೆ ಸಿಕ್ಕಿ ನಿಲ್ಬೇಕು, ಅದಕ್ಕೊಂದು ತೂಕದ ಮಿತಿ ಇದೆ. ಕ್ಷಿಪಣಿ ತೂಕ ಜಾಸ್ತಿ ಆದಷ್ಟೂ ಇಳಿಯುವಾಗ ಉಳಿಸ್ಕೊಳ್ಳೋ ಇಂಧನ ಕಡಿಮೆ ಮಾಡ್ಬೇಕು, ರಾತ್ರಿ ಹೊತ್ತು, ಅಲೆ ಎದ್ದಿರತ್ತೆ, ಮೊದಲನೇ ಸಲಕ್ಕೆ ತಂತಿ ಸಿಗ್ಲಿಲ್ಲ ಅಂದ್ರೆ ಇನ್ನೊಂದು ಸುತ್ತು ಹೊಡೆಯಕ್ಕೆ ಇಂಧನ ಬೇಕಲ್ಲ. ಹಾಗಾಗಿ ಮಾಮೂಲಿ ದಿನಗಳಲ್ಲಿ ಎರಡೇ ಫೀನಿಕ್ಸ್, ಜೊತೆಗೆ ಸ್ಪಾರೋ, ಸೈಡ್‌ವೈಂಡರ್ ಅಂತ ಚಿಕ್ಕವು. ಆರು ಕಟ್ಟಿದ ಚಿತ್ರ ಎಲ್ಲರ ಗೋಡೆ ಮೇಲಿದೆ, ಆರು ಕಟ್ಟಿದ ದಿನ ಮಾತ್ರ ಬಲು ಅಪರೂಪ ಅಂದ್ರು.

ಇದನ್ನ ಮಾಡಿದ್ದಾದ್ರೂ ಯಾಕೆ ಅಂತ ನಾನು ಕೇಳಿದೆ. ಸೋವಿಯತ್ ಬಾಂಬರುಗಳು ಗುಂಪಾಗಿ ಬಂದು ದೂರದಿಂದಲೇ ಹಡಗಿನ ಮೇಲೆ ಕ್ಷಿಪಣಿ ಬಿಟ್ಟು ಓಡಿಹೋಗ್ತಾವೆ ಅನ್ನೋ ಭಯ ಅವತ್ತಿನದ್ದು, ಅವು ಬಿಡೋಕಿಂತ ಮುಂಚೆಯೇ ಬಾಂಬರನ್ನೇ ಹೊಡೀಬೇಕು, ಅದೂ ಒಂದಲ್ಲ, ಒಟ್ಟಿಗೆ ಹಲವು. ಅದಕ್ಕೇ ಟಾಮ್‌ಕ್ಯಾಟ್ ಮೂತಿಯೊಳಗೆ ಎಡಬ್ಲ್ಯೂಜಿ-9 ಅನ್ನೋ ರಾಡಾರ್, ಒಟ್ಟಿಗೆ 24 ಗುರಿಗಳ ಮೇಲೆ ಕಣ್ಣಿಟ್ಟು ಆರಕ್ಕೆ ಕ್ಷಿಪಣಿ ಬಿಡೋದು, ಹಿಂದಿನ ಸೀಟಿನವರ ಪೂರ್ತಿ ಕೆಲಸ ಅದೇ. ಮೊದಲು ಈ ರಾಡಾರು ಕ್ಷಿಪಣಿ ಎರಡನ್ನೂ ಎಫ್-111ಬಿ ಅನ್ನೋ ವಿಮಾನಕ್ಕೆ ಅಂತ ಮಾಡ್ತಿದ್ರು, ಅದು ತೀರಾ ಭಾರ ಅಂತ 1968ರಲ್ಲಿ ಕೈಬಿಟ್ರು, ಆಮೇಲೆ ಇದೇ ಜೋಡಿಯನ್ನ ಇಟ್ಕೊಂಡು ಸುತ್ತ ಹೊಸ ವಿಮಾನ ಕಟ್ಟಿದ್ರು.

ಸಂಜೆ ಮೀರಾ ಮೆಸಾದಲ್ಲಿ ದೋಸೆ. ಮಿರಾಮಾರ್ ವಾಯುನೆಲೆ ಪಕ್ಕದಲ್ಲೇ, ಒಂದು ಕಾಲಕ್ಕೆ ನೌಕಾಪಡೆ ಟಾಮ್‌ಕ್ಯಾಟ್‌ಗಳ ತವರುಮನೆ, ಈಗ ಮರೀನ್ ಪಡೆಯದ್ದು. ಸಾಂಬಾರಿಗೆ ಕೈ ಹಾಕೋ ಹೊತ್ತಿಗೆ ಎರಡು ವಿಮಾನ ಗುಡುಗಿಕೊಂಡು ಹೋದ್ವು, ಅಪ್ಪ ಎಂಜಲು ಕೈಯಲ್ಲೇ ಹೊರಗೋಡಿದ್ರು.

ಮೂರನೇ ದಿನ: ಐ-8, ಮರುಭೂಮಿ

ಇವತ್ತು ಪೂರ್ತಿ ರಸ್ತೆ, ನನಗೆ ಇಡೀ ಪ್ರವಾಸದಲ್ಲಿ ಜಾಸ್ತಿ ಇಷ್ಟ ಆದ ದಿನ. ಸ್ಯಾನ್ ಡಿಯೇಗೋ ಬಿಟ್ಟು ಒಂದು ಗಂಟೆಯೊಳಗೆ 4,000 ಅಡಿ ಹತ್ತಿಸತ್ತೆ, ಚಳಿ ಚಳಿ, ಓಕ್ ಮರಗಳು. ಆಮೇಲೆ ಹಕುಂಬಾ ದಾಟಿ ಇಳಿಜಾರು ಶುರು, ಬೆಟ್ಟ ಅಂದ್ರೆ ಬಂಡೆ ಮೇಲೆ ಬಂಡೆ ಪೇರಿಸಿದ್ದು, ಒಂದು ಹುಲ್ಲುಕಡ್ಡಿ ಇಲ್ಲ. ಅವತ್ತು ಪೂರ್ವದ ಗಾಳಿ ಬೇರೆ, ಲಾರಿಗಳು ಪಕ್ಕಕ್ಕೆ ವಾಲ್ತಿದ್ವು, ಸ್ಟೀರಿಂಗ್ ಎರಡೂ ಕೈಯಲ್ಲಿ ಹಿಡೀಬೇಕಾಯ್ತು. ಗಾಳಿ ಎಚ್ಚರಿಕೆ ಬೋರ್ಡಲ್ಲಿ ದೀಪ ಉರೀತಿದ್ರೆ ಕಾರಿನ ಮೇಲೆ ಲಗೇಜ್ ಕಟ್ಕೊಂಡು ಈ ಇಳಿಜಾರಿಗೆ ಬರ್ಬೇಡಿ. ಕೆಳಗಿಳಿದ್ರೆ ಎಲ್ ಸೆಂಟ್ರೋ, ಸಮುದ್ರಮಟ್ಟಕ್ಕಿಂತ ಕೆಳಗಿರೋ ಊರು. ಕಿವಿ ಒಂದೇ ಬೆಳಗ್ಗೆಯಲ್ಲಿ ಎಷ್ಟು ಸಲ ಮುಚ್ಚಿ ತೆರೀತೋ.

ಇಲ್ಲೇ ಅಪ್ಪ ಎತ್ತರದ ವಿಷಯ ತೆಗೆದ್ರು. ರಾತ್ರಿ ಹೋಟೆಲಲ್ಲಿ ನಾನು ಅವರಿಗೆ ಒಂದು ಹಳೇ ಪರೀಕ್ಷೆಯ ವಿವರ ಓದಿ ಹೇಳಿದ್ದೆ, ಅದು ಅವರ ತಲೇಲಿ ಕೂತಿತ್ತು. ಗುರಿ ವಿಮಾನ ಸೋವಿಯತ್ ಬಾಂಬರಿನ ವೇಷದಲ್ಲಿ ಶಬ್ದಕ್ಕಿಂತ ಒಂದೂವರೆ ಪಟ್ಟು ವೇಗದಲ್ಲಿ ಎದುರಿಗೆ ಬರ್ತಿತ್ತು, ಟಾಮ್‌ಕ್ಯಾಟ್ ಫೀನಿಕ್ಸ್ ಬಿಟ್ಟಾಗ ಇಬ್ಬರ ನಡುವೆ 110 ನಾಟಿಕಲ್ ಮೈಲಿ, ಅಂದ್ರೆ ಸುಮಾರು 204 ಕಿಲೋಮೀಟರ್. ಆದ್ರೆ ಕ್ಷಿಪಣಿ ಹೋಗಿ ಗುರಿ ಸೇರಿದ್ದು 134 ಕಿಲೋಮೀಟರಿನಲ್ಲಿ. ಉಳಿದ 70 ಕಿಲೋಮೀಟರ್ ಎದುರಿನವನೇ ನಡ್ಕೊಂಡು ಬಂದಿದ್ದ. ದಾರೀಲಿ ಕ್ಷಿಪಣಿ ಲಕ್ಷ ಅಡಿ ದಾಟಿ ಮೇಲಕ್ಕೆ ಹೋಗಿತ್ತು.

"ಹಂಗಾದ್ರೆ 204 ಅಂತ ಬರ್ಕೊಳ್ಳೋದಾ 134 ಅಂತ ಬರ್ಕೊಳ್ಳೋದಾ?" ಅಂದ್ರು ಅಪ್ಪ. ಆಮೇಲೆ ತಾವೇ ಬಿಡಿಸಿ ಹೇಳಕ್ಕೆ ಶುರು ಮಾಡಿದ್ರು. ನೋಡು ಪುಟ್ಟಿ, ದೀಪಾವಳಿ ರಾಕೆಟ್ಟಲ್ಲಿ ಮದ್ದು ಉರಿಯೋದು ಎರಡು ಸೆಕೆಂಡು, ಆಮೇಲೆ ಅದು ಹೋಗೋದೆಲ್ಲ ಬರೀ ಓಘದಲ್ಲಿ, ಇದೂ ಅಷ್ಟೇ. ಫೀನಿಕ್ಸ್ ಮೋಟರ್ ಉರಿಯೋದು ಸುಮಾರು ಅರ್ಧ ನಿಮಿಷ, ಅಷ್ಟರಲ್ಲಿ ತಗೊಂಡ ವೇಗಾನೇ ಕೊನೇವರೆಗೂ ಬಂಡವಾಳ. ಮೇಲೆ ಗಾಳಿ ತೆಳು, ಎಳೆಯೋರು ಯಾರೂ ಇಲ್ಲ, ಅದಕ್ಕೇ ಮೊದಲು ಮೇಲಕ್ಕೆ ಹತ್ತೋದು, ಅಲ್ಲಿಂದ ಇಳಿಜಾರಲ್ಲಿ ಬೀಳೋದು. ಗುರಿ ಸೊಟ್ಟಪಟ್ಟ ತಿರುಗಿದ್ರೆ ಇದೂ ತಿರುಗ್ಬೇಕು, ಒಂದೊಂದು ತಿರುವಿಗೂ ಬಂಡವಾಳ ಕರಗತ್ತೆ. ಗುರಿ ಬೆನ್ನು ತಿರುಗಿಸಿ ಓಡಿದ್ರಂತೂ ಅದೇ ಕ್ಷಿಪಣಿಯ ದೂರ ಅರ್ಧಕ್ಕಿಂತ್ಲೂ ಕಡಿಮೆ ಆಗ್ಬೋದು. ಮೀಟಿಯರ್‌ನಲ್ಲಿ ಕೊನೇವರೆಗೂ ಗಾಳಿ ಎಳ್ಕೊಂಡು ಉರಿಯೋ ರಾಮ್‌ಜೆಟ್ ಹಾಕಿರೋದು ಇದಕ್ಕೇ ಕಣಮ್ಮ, ದೂರದ ಅಂಕಿ ದೊಡ್ಡದು ಮಾಡಕ್ಕಲ್ಲ, ಓಡೋನನ್ನ ಹಿಡಿಯಕ್ಕೆ ಅಂದ್ರು.

ಅಲ್ಗೊಡೋನೆಸ್ ಮರಳುದಿಬ್ಬಗಳು ರಸ್ತೆಗೆ ಅಂಟ್ಕೊಂಡೇ ಇವೆ, ನಿಲ್ಸಿ ಪುಳಿಯೋಗರೆ ತಿಂದ್ವಿ, ಅರ್ಧ ಮರಳು ಅರ್ಧ ಅನ್ನ. ಯೂಮಾದಲ್ಲಿ ಪೆಟ್ರೋಲ್ ತುಂಬಿಸ್ಕೊಳ್ಳಿ, ಮುಂದೆ ಬಂಕುಗಳ ನಡುವೆ ಅಂತರ ಜಾಸ್ತಿ, ರೇಟೂ ಜಾಸ್ತಿ. ಡೇಟ್‌ಲ್ಯಾಂಡ್ ಅನ್ನೋ ಕಡೆ ಖರ್ಜೂರದ ಮಿಲ್ಕ್‌ಶೇಕ್ ಕುಡೀದೆ ಮುಂದೆ ಹೋಗ್ಬೇಡಿ, ಗಟ್ಟಿ ಅಂದ್ರೆ ಗಟ್ಟಿ, ಸ್ಟ್ರಾ ಬಿಟ್ಟು ಚಮಚ ಕೇಳಿ, ಇಬ್ಬರಿಗೆ ಒಂದೇ ಸಾಕು.

ಹೀಲಾ ಬೆಂಡ್ ಇನ್ನೂ ಹತ್ತು ಮೈಲಿ ಇದೆ ಅನ್ನುವಾಗ ಹಿಂದಿನ ಟೈರಿನ ಗಾಳಿ ಇಳೀತಿದೆ ಅಂತ ಲೈಟ್ ಬಂತು. ನಿಧಾನಕ್ಕೆ ಊರಿಗೆ ಹೋಗಿ ಟೈರ್ ಅಂಗಡಿಗೆ ಹಾಕಿದ್ರೆ ಎರಡಿಂಚಿನ ಮೊಳೆ. ಅಂಗಡಿಯವರು ಮೆಕ್ಸಿಕನ್ ಮೂಲದವರು, ಅರವತ್ತು ದಾಟಿದ ವಯಸ್ಸು, ಪ್ಲಗ್ ಹಾಕುವಾಗ ದಕ್ಷಿಣದಿಂದ ಧಡ್ ಧಡ್ ಅಂತ ಶಬ್ದ. ಗೋಲ್ಡ್‌ವಾಟರ್ ರೇಂಜ್, ಫೈಟರ್ ಪೈಲಟ್‌ಗಳು ಗುರಿ ಹೊಡೆಯೋದು ಕಲಿಯೋ ಜಾಗ, ಊರಿನ ಬೆನ್ನಿಗೇ ಇದೆ. ಅಪ್ಪ ಕಿವಿಗೊಟ್ಟು ಕೇಳ್ತಾ ನಿಂತದ್ದು ನೋಡಿ ಅವರು, ನನ್ನ ಮೊಮ್ಮಗ ಇದು ಇಲ್ಲದಿದ್ರೆ ಮಧ್ಯಾಹ್ನ ಮಲಗಲ್ಲ ಅಂದ್ರು. ಎಲ್ಲಿಗೆ ಹೊರಟ್ರಿ ಅಂತ ಕೇಳಿದಾಗ ಅಪ್ಪ ತಮ್ಮ ಎಚ್‌ಎಎಲ್ ಇಂಗ್ಲಿಷಲ್ಲಿ ಪೂರ್ತಿ ಕಥೆ ಹೇಳಿದ್ರು. ಆ ಮನುಷ್ಯ ಟೂಸಾನ್‌ನ ಆ ಕಾರ್ಖಾನೆಯಲ್ಲಿ ನಮ್ಮ ಸೋದರತ್ತೆ ವೈರ್ ಬೆಸುಗೆ ಕೆಲಸ ಮಾಡ್ತಿದ್ರು, ಕಣ್ಣು ಹಾಳಾಗೋವರೆಗೂ ಅಂದ್ರು. ಅಪ್ಪನ ಮುಖ ಒಮ್ಮೆಗೇ ಬದಲಾಯ್ತು. ಅವರ ಶಾಪಲ್ಲೂ ಸಣ್ಣ ಸಣ್ಣ ಕನೆಕ್ಟರ್ ಪಿನ್‌ಗೆ ಬೆಸುಗೆ ಹಾಕ್ತಿದ್ದದ್ದು ಹೆಚ್ಚಾಗಿ ಹೆಂಗಸರೇ. ಅದಾದ ಮೇಲೆ ಟೂಸಾನ್ ಬರೋವರೆಗೂ ತಮ್ಮ ಶಾಪಿನ ಒಬ್ಬೊಬ್ಬ ಅಕ್ಕನ ಕೈಚಳಕಾನೂ ಹೆಸರು ಹಿಡಿದು ಹೇಳ್ತಾ ಬಂದ್ರು, ನಾನು ಹುಟ್ಟಿದಾಗಿಂದ ಕೇಳದ ಕಥೆಗಳು.

ರಾತ್ರಿ ಊಟಕ್ಕೆ ಬೀನ್ಸ್ ಬರಿಟೋ, ಪಕ್ಕದಲ್ಲಿ ಪಾಪಾಸುಕಳ್ಳಿ ಎಲೆಯ ಪಲ್ಯ. ಲೋಳೆ ಇರತ್ತೆ, ಸ್ವಲ್ಪ ಹುಳಿ, ಅಪ್ಪ ಇಷ್ಟಪಟ್ಟು ಇನ್ನೊಂದು ಸಲ ಹಾಕಿಸ್ಕೊಂಡ್ರು. ಟೂಸಾನ್‌ಗೆ ಯುನೆಸ್ಕೋ 2015ರಲ್ಲಿ ಊಟದ ನಗರ ಅನ್ನೋ ಗೌರವ ಕೊಟ್ಟಿದೆ, ಸಸ್ಯಾಹಾರಿಗಳು ಹೆದರ್ಬೇಡಿ, ಹಂದಿ ಕೊಬ್ಬು ಹಾಕದ ಬೀನ್ಸ್ ಇದೆಯಾ ಅಂತ ಒಂದು ಮಾತು ಕೇಳಿ ಸಾಕು.

ನಾಲ್ಕನೇ ದಿನ: ಟೂಸಾನ್

ಪೀಮಾ ಏರ್ ಅಂಡ್ ಸ್ಪೇಸ್ ಮ್ಯೂಸಿಯಂನಲ್ಲಿ 400ಕ್ಕೂ ಮೇಲೆ ವಿಮಾನ, ಹೆಚ್ಚಿನವು ಬಯಲಲ್ಲಿ. ಅಕ್ಟೋಬರ್ ಕೊನೆಯಾದ್ರೂ ಮಧ್ಯಾಹ್ನ 32 ಡಿಗ್ರಿ. ಬೆಳಗ್ಗೆ ಬಯಲು, ಮಧ್ಯಾಹ್ನ ಶೆಡ್ಡುಗಳು ಅಂತ ಇಟ್ಕೊಳ್ಳಿ, ನೀರಿನ ಬಾಟ್ಲಿ ಒಳಗೆ ತುಂಬಿಸ್ಕೋಬೋದು, ವಯಸ್ಸಾದವರಿದ್ರೆ ಟ್ರ್ಯಾಮ್ ತಗೊಳ್ಳಿ. ಅಪ್ಪನಿಗೆ ಇಲ್ಲೇ ಹೊಸ ಟೋಪಿ ಕೊಡಿಸಿದೆ, ಕಟ್ಟೋ ದಾರ ಇರೋದು.

ಟಾಮ್‌ಕ್ಯಾಟ್ ನೋಡಿ ಆದ್ಮೇಲೆ ನಾನು ತೋರಿಸ್ಬೇಕು ಅಂತಿದ್ದದ್ದು ಕಪ್ಪು ಬಣ್ಣದ ಎಸ್‌ಆರ್-71 ಬೇಹುಗಾರಿಕೆ ವಿಮಾನ. ಇಲ್ಲಿರೋದು ಸ್ವಲ್ಪ ದಿನ ನಾಸಾ ಹತ್ರ ವೈಎಫ್-12ಸಿ ಅನ್ನೋ ಸುಳ್ಳು ಹೆಸರಲ್ಲಿ, ಸುಳ್ಳು ನಂಬರಲ್ಲಿ ಹಾರಿದ್ದು. ವೈಎಫ್-12 ಅನ್ನೋದು ಅದೇ ಮನೆತನದ, ಶತ್ರುವಿಮಾನ ಅಡ್ಡಗಟ್ಟೋ ಇಂಟರ್‌ಸೆಪ್ಟರ್, ಮೂರೇ ಮಾಡಿದ್ದು, ಅದರಿಂದ ಹಾರಿಸಿದ ಹ್ಯೂಸ್ ಕಂಪನಿಯ ಎಐಎಂ-47 ಕ್ಷಿಪಣಿಯೇ ಫೀನಿಕ್ಸ್‌ನ ಅಪ್ಪ. 60ರ ದಶಕದಲ್ಲಿ ಏಳು ಸಲ ಹಾರಿಸಿದ್ರು, ಆರು ತಾಗಿದ್ವು. ಅದರಲ್ಲಿ ಒಂದನ್ನ 74,000 ಅಡಿ ಎತ್ತರದಲ್ಲಿ ಶಬ್ದಕ್ಕಿಂತ ಮೂರು ಪಟ್ಟು ಮೀರಿದ ವೇಗದಲ್ಲಿ ಬಿಟ್ಟದ್ದು, ಗುರಿ ನೆಲದಿಂದ 500 ಅಡಿ ಮೇಲೆ ಹೋಗ್ತಿತ್ತು. ಅಪ್ಪ ಆ ರೆಕ್ಕೆ ಅಂಚಿನ ಕೆಳಗೆ ನಿಂತು, ಬಿಡೋ ಕೈಯೇ ಇಷ್ಟು ಎತ್ತರ ಇಷ್ಟು ವೇಗ ಇದ್ರೆ ಕ್ಷಿಪಣಿಗೆ ಅರ್ಧ ಕೆಲಸ ಆಗಿಹೋಯ್ತಲ್ಲ ಅಂದ್ರು. ಅವರ ಪ್ರಶ್ನೆಗೆ ಇನ್ನೊಂದು ತುಂಡು ಉತ್ತರ ಅಲ್ಲಿ ಸಿಕ್ಕಿತು.

ಕ್ಯಾಂಟೀನಲ್ಲಿ ಪಕ್ಕದ ಟೇಬಲ್‌ಗೆ ಬಂದ ದಂಪತಿ, ಗಂಡ ಇರಾನಿನಿಂದ ಚಿಕ್ಕ ಹುಡುಗ ಇದ್ದಾಗ ಬಂದವರು, ಈಗ ಇಲ್ಲಿ ಡೆಂಟಿಸ್ಟ್. ಟಾಮ್‌ಕ್ಯಾಟ್ ನೋಡಕ್ಕೇ ಬಂದದ್ದಂತೆ. ಅಮೆರಿಕ ಬಿಟ್ರೆ ಈ ವಿಮಾನ ಇದ್ದ ಒಂದೇ ದೇಶ ಇರಾನ್, ಶಾ ಕಾಲದಲ್ಲಿ 79 ವಿಮಾನ, 284 ಫೀನಿಕ್ಸ್ ತಲುಪಿದ್ವು, 1979ರ ಕ್ರಾಂತಿ ಆದ್ಮೇಲೆ ಬಿಡಿಭಾಗ ನಿಂತೇಹೋಯ್ತು. ಆದ್ರೂ ಇರಾಕ್ ಜೊತೆ ಎಂಟು ವರ್ಷದ ಯುದ್ಧದಲ್ಲಿ ಫೀನಿಕ್ಸ್ ಬಳಸಿ ವಿಮಾನ ಹೊಡೆದದ್ದು ಇರಾನಿನವರೇ. ಅಮೆರಿಕನ್ನರು ಯುದ್ಧದ ಸನ್ನಿವೇಶದಲ್ಲಿ ಬಿಟ್ಟದ್ದು 1999ರಲ್ಲಿ ಇರಾಕ್ ಮೇಲೆ, ಜನವರಿಯಲ್ಲಿ ಮಿಗ್-25ಗಳ ಕಡೆ ಎರಡು, ಸೆಪ್ಟೆಂಬರಲ್ಲಿ ಮಿಗ್-23 ಕಡೆ ಒಂದು, ಮೂರೂ ತಾಗ್ಲಿಲ್ಲ. "ನಮ್ಮ ಚಿಕ್ಕಪ್ಪ ಟೆಹರಾನಲ್ಲಿ ತಾರಸಿ ಮೇಲೆ ನಿಂತು ಇವು ಹಾರೋದು ನೋಡ್ತಿದ್ರು, ಅವತ್ತು ರಾತ್ರಿ ನಿದ್ದೆ ಬರ್ತಿತ್ತಂತೆ" ಅಂದ್ರು ಅವರು. 2025ರ ಜೂನಲ್ಲಿ ಇಸ್ರೇಲ್ ದಾಳಿ ಮಾಡಿದ ವಿಡಿಯೋದಲ್ಲಿ ಅದೇ ಟೆಹರಾನಿನ ವಿಮಾನ ನಿಲ್ದಾಣದಲ್ಲಿ ನಿಂತಿದ್ದ ಟಾಮ್‌ಕ್ಯಾಟ್‌ಗಳು ಸುಟ್ಟುಹೋದದ್ದನ್ನ ಅವರು ಫೋನಲ್ಲಿ ನೋಡಿದ್ರಂತೆ. ಅಪ್ಪ ಏನೂ ಹೇಳದೆ ಕೊಬ್ಬರಿ ಮಿಠಾಯಿ ಡಬ್ಬಿ ಅವರ ಕಡೆ ತಳ್ಳಿದ್ರು. ಅವರ ಹೆಂಡತಿ ಏಲಕ್ಕಿ ವಾಸನೆ ಹಿಡಿದು ನಮ್ಮಲ್ಲೂ ಹೀಗೇ ಹಾಕ್ತೀವಿ ಅಂದ್ರು.

ಸಂಜೆ ಕೋಲ್ಬ್ ರೋಡಲ್ಲಿ ಹೋದ್ವಿ. ಎರಡೂ ಕಡೆ ಬೇಲಿ, ಬೇಲಿಯಾಚೆ ಡೇವಿಸ್-ಮಾಂತನ್ ನೆಲೆಯ ವಿಮಾನಗಳ ಗೋದಾಮು, ಮೈಲಿಗಟ್ಟಲೆ ಸಾಲು ಸಾಲು. ನಿಲ್ಸಕ್ಕೆ ಜಾಗ ಇಲ್ಲ, ನಿಲ್ಸಲೂ ಬಾರದು, ಹಾಗಾಗಿ ಒಬ್ಬರು ಓಡಿಸಿ ಒಬ್ಬರು ನೋಡಿ. 2006ರಲ್ಲಿ ನೌಕಾಪಡೆ ಟಾಮ್‌ಕ್ಯಾಟ್‌ಗಳನ್ನ ಪೂರ್ತಿ ಕೈಬಿಟ್ಟ ಮೇಲೆ ಹಲವು ಇಲ್ಲಿಗೇ ಬಂದಿದ್ವು, ಬಿಡಿಭಾಗ ಇರಾನಿಗೆ ಹೋಗ್ಬಾರ್ದು ಅಂತ 2007ರಿಂದ ಅವನ್ನ ಯಂತ್ರಕ್ಕೆ ಹಾಕಿ ಚೂರು ಮಾಡಿದ್ರು. ಅಪ್ಪನಿಗೆ ಇದು ನುಂಗಕ್ಕೆ ಕಷ್ಟ ಆಯ್ತು. ಹಳೇದಾದ್ರೆ ಬಿಚ್ಚಿಡ್ಬೇಕು, ಹುಡುಗರಿಗೆ ಕಲಿಯಕ್ಕೆ ಕೊಡ್ಬೇಕು, ಚೂರು ಮಾಡೋದಾ ಅಂತ. ನನಗೂ ಹಾಗೇ ಅನ್ನಿಸ್ತು, ಆದ್ರೆ ಮಧ್ಯಾಹ್ನದ ಮಾತು ಕೇಳಿದ್ಮೇಲೆ ಆ ಹೆದರಿಕೆಯೂ ಅರ್ಥ ಆಯ್ತು.

ವಲೆನ್ಸಿಯಾ ರೋಡಲ್ಲಿ ಪಶ್ಚಿಮಕ್ಕೆ ಹೋದ್ರೆ ವಿಮಾನ ನಿಲ್ದಾಣ, ಅದರ ಪಕ್ಕ 1951ರಲ್ಲಿ ಹ್ಯೂಸ್ ಶುರು ಮಾಡಿದ ಕಾರ್ಖಾನೆ, ಈಗ ರೇಥಿಯಾನ್. ಒಳಗೆ ಬಿಡೋ ಮಾತೇ ಇಲ್ಲ, ರಸ್ತೆಯಿಂದ ಉದ್ದಾನುದ್ದ ಬಿಳಿ ಕಟ್ಟಡ, ಪಾರ್ಕಿಂಗ್ ತುಂಬ ಕಾರು ಅಷ್ಟೇ ಕಾಣೋದು. ಪಾಳಿ ಬಿಡೋ ಹೊತ್ತು, ಜನ ಟಿಫಿನ್ ಚೀಲ ಹಿಡ್ಕೊಂಡು ಹೊರಗೆ ಬರ್ತಿದ್ರು. 2004ರಲ್ಲಿ ಫೀನಿಕ್ಸ್ ಹೋದ್ಮೇಲೆ ಅಮೆರಿಕದ ನೌಕಾಪಡೆಯ ವಿಮಾನಗಳಿಗೆ ಅಷ್ಟು ದೂರದ ಕ್ಷಿಪಣಿಯೇ ಇರ್ಲಿಲ್ಲ, ಸುಮಾರು ಇಪ್ಪತ್ತು ವರ್ಷ. 2024ರಲ್ಲಿ ಹವಾಯಿಯಲ್ಲಿ ಸೂಪರ್ ಹಾರ್ನೆಟ್ ಯುದ್ಧವಿಮಾನದ ರೆಕ್ಕೆ ಕೆಳಗೆ ಎಐಎಂ-174ಬಿ ಅನ್ನೋ ಹೊಸ ಕ್ಷಿಪಣಿ ಕಾಣಿಸ್ಕೊಳ್ತು, ಹಡಗಿಂದ ಹಾರಿಸೋ ರೇಥಿಯಾನ್‌ನವರದ್ದೇ ಎಸ್‌ಎಂ-6ರಿಂದ ಹುಟ್ಟಿದ್ದು. ಈ ಸಲ ಭಯ ಚೀನಾದ್ದು.

ಐದನೇ ದಿನ: ವಾಪಸ್ಸು

ಐ-10 ಹಿಡಿದು ಫೀನಿಕ್ಸ್ ನಗರದ ಮೇಲೆ ಹಾದು ಬಂದ್ವಿ, ರಸ್ತೆ ನೆಟ್ಟಗೆ, ನೋಡೋದು ಹೆಚ್ಚಿಲ್ಲ. ಕ್ವಾರ್ಟ್ಜ್‌ಸೈಟ್‌ನಲ್ಲಿ ಟೀ ಕೇಳಿದ್ರೆ ಬಿಸಿನೀರು, ಒಂದು ಪುಡಿ ಚೀಲ ಕೊಟ್ರು, ಮನೆಯಿಂದ ಟೀಪುಡಿ ಸಕ್ಕರೆ ತಂದ್ಕೊಳ್ಳಿ.

ದಾರಿಯುದ್ದಕ್ಕೂ ಅಪ್ಪ ಫೋನಲ್ಲಿ ಕನ್ನಡದಲ್ಲಿ ಟೈಪ್ ಮಾಡ್ತಿದ್ರು, ಅವರ ಗ್ರೂಪಿಗೆ. ಬ್ಲೈತ್ ಹತ್ರ ಓದಿ ಹೇಳಿದ್ರು. ಇನ್ಮೇಲೆ ಯಾರಾದ್ರೂ ಕಿಲೋಮೀಟರ್ ಹಾಕಿದ್ರೆ ಜೊತೆಗೆ ಬಿಟ್ಟ ವಿಮಾನದ ಎತ್ತರ, ವೇಗ, ಗುರಿ ಎದುರಿಗೆ ಬರ್ತಿತ್ತಾ ಓಡ್ತಿತ್ತಾ, ಕೊನೇವರೆಗೂ ಗುರಿ ಮೇಲೆ ರಾಡಾರ್ ಹಿಡಿದಿದ್ದು ವಿಮಾನವಾ ಕ್ಷಿಪಣಿಯಾ, ಇಷ್ಟೂ ಬರೀಬೇಕು, ಇಲ್ಲದಿದ್ರೆ ಡಿಲೀಟ್ ಮಾಡ್ಬೇಕು ಅಂತ. ಎರಡೇ ನಿಮಿಷದಲ್ಲಿ ಸಿ.ವಿ.ರಾಮನ್ ನಗರದಿಂದ ಒಬ್ಬ ಅಂಕಲ್ ಉತ್ತರ ಹಾಕಿದ್ರು, 2023ರ ಆಗಸ್ಟ್‌ನಲ್ಲಿ ತೇಜಸ್‌ನಿಂದ ಅಸ್ತ್ರ ಬಿಟ್ರಲ್ಲ ಗೋವಾ ಕಡಲಲ್ಲಿ, ಅದು 20,000 ಅಡಿಯಿಂದ, ಎತ್ತರ ಹಾಕಿದೀನಿ ನೋಡಪ್ಪ ಅಂತ. ಅಪ್ಪ ತಕ್ಷಣ, ಸರಿ, ವೇಗ ಎಲ್ಲಿ ಅಂತ ಕೇಳಿದ್ರು.

ಇಂಡಿಯೋ ದಾಟೋವರೆಗೂ ಆ ಚರ್ಚೆ ನಡೀತಾನೇ ಇತ್ತು. ಮುಂದಿನ ಏರೋ ಇಂಡಿಯಾಗೆ ಇಬ್ಬರೂ ಯಲಹಂಕಕ್ಕೆ ಹೋಗಿ, ಅಸ್ತ್ರ ಇಟ್ಟ ಸ್ಟಾಲಲ್ಲಿ ನಿಂತಿರೋ ಹುಡುಗರನ್ನೇ ಕೇಳೋದು ಅಂತ ತೀರ್ಮಾನ ಆಯ್ತು, ಯಾರು ಏನು ಕೇಳ್ಬೇಕು ಅನ್ನೋ ಪಟ್ಟಿ ಈಗ ಅಪ್ಪನ ಡೈರಿಯಲ್ಲಿದೆ.